ಪ್ಯಾರಿಸ್ಸಿನ ಒಂದು ವಿಚಾರಣೆ

1908ರ ಅಕ್ಟೋಬರಿನಲ್ಲಿ, ದೇಶಭ್ರಷ್ಟರಾಗಿ ಪ್ಯಾರಿಸ್ ನಗರವನ್ನು ಸೇರಿದ್ದ ರಷ್ಯದ ಕ್ರಾಂತಿಕಾರಿಗಳು ತಮ್ಮೊಳಗೇ ಒಂದು ಪಂಚಾಯತಿಯನ್ನು ಕೂಡಿಸಿದರು. ಕ್ರೊಪೊಟ್ಕಿನ್, ಲೊಪಾಟಿನ್, ಶ್ಲಿಸ್ಸೆಲ್‌ಬರ್ಗಿನ ಕೋಟೆಯಲ್ಲಿ 20 ವರ್ಷ ಸೆರೆಯನ್ನನುಭವಿಸಿ ಬಂದಿದ್ದ ವೆರಾ ಫಿಗ್ನರ್, ಈ ಮೂವರು ಹಿರಿಯರೇ ನ್ಯಾಯಾಧಿಪತಿಗಳು. ಸಮಾಜವಾದಿ ಕ್ರಾಂತಿಕಾರಿ ಪಕ್ಷದ ಗುಪ್ತ ಹೋರಾಟದಳಕ್ಕೆ ಅಧಿಪತಿಯಾಗಿದ್ದ ಯೆವ್ನೊ ಅಜೆಫನು ಝಾರ್ ಸರ್ಕಾರದ ಬೇಹುಗಾರನೆಂಬುದು ದೂರು; ಆದರೆ ಅಪರಾಧಿಯ ಸ್ಥಾನದಲ್ಲಿ ನಿಂತಿದ್ದವನು, ಆ ದೂರನ್ನು ಹೇಳಿದ ‘ಬಿಲೊಯೆ’ ಪತ್ರಿಕೆಯ ಸಂಪಾದಕ ಬುರ್ತ್ಸೆವ್. ಮಾನ್ಯನೊಬ್ಬನ ಹೆಸರಿಗೆ ಮಸಿ ಬಳಿದನೆಂದು ಪಕ್ಷವು ಅವನನ್ನೇ ವಿಚಾರಣೆಗೆ ಎಳೆದಿದ್ದಿತು.

ಪಕ್ಷದ ಮುಖಂಡರನ್ನು ಮೂರ್ಖರೆಂದು ಜರೆದು ಮುಂದೆ ಸಾಗುವುದು ಸುಲಭ. ನಾನು ಹಾಗೆ ಮಾಡಲಾರೆ. ಅವರ ತರ್ಕ ಬಲವಾಗಿಯೇ ಇದ್ದಿತು. 1904ರಲ್ಲಿ ಗೃಹಮಂತ್ರಿ ಪ್ಲೆವೆಯೂ 1905ರಲ್ಲಿ ಝಾರನ ಚಿಕ್ಕಪ್ಪ ಸೆರ್ಗೈಯೂ ಬಾಂಬಿಗೆ ಬಲಿಯಾದುದು ಅಜೆಫನ ನಾಯಕತ್ವದಲ್ಲಿ. ತನ್ನ ಮಂತ್ರಿಯನ್ನೇ ಕೊಲ್ಲಿಸುವವನಿಗೆ ಯಾವ ಪೊಲೀಸು ಇಲಾಖೆ ಸಂಬಳ ಕೊಟ್ಟೀತು? ಕೊಡುತ್ತಿದ್ದಿತು: 1893ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಓದುತ್ತಿದ್ದ ಬಡ ವಿದ್ಯಾರ್ಥಿ ಅಜೆಫನು ತಾನಾಗಿಯೇ ಪತ್ರ ಬರೆದು ಗೊತ್ತುಮಾಡಿಕೊಂಡ ತಿಂಗಳಿಗೆ 50 ರೂಬಲ್ಲುಗಳ ವೇತನವು ಮುಂದೆ ಬೆಳೆಯುತ್ತಲೇ ಬಂದಿದ್ದಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿಗೆ ಸಾಲದು. ಈ ಬೇಲಿ ಎರಡೂ ಮಗ್ಗುಲಿನ ಹೊಲಗಳನ್ನು ಮೇಯ್ದಿತು.

ಈ ವಿಚಾರಣೆಗೂ ಹಿಂದಿನ ಒಂದು ಪ್ರಸಂಗವು ನನಗೆ ಹೆಚ್ಚು ಭೀಕರವಾಗಿ ತೋರುತ್ತದೆ. 1905ರ ಆಗಸ್ಟಿನಲ್ಲಿ, ಮುಖಕ್ಕೆ ಪರದೆ ಧರಿಸಿದ ಹೆಂಗಸೊಬ್ಬಳು ಪೀಟರ್ಸ್‌ಬರ್ಗಿನ ಪಕ್ಷದವನೊಬ್ಬನ ಕೈಗೆ ಸಹಿಯಿಲ್ಲದ ಕಾಗದವೊಂದನ್ನು ಕೊಟ್ಟುಹೋದಳು. ನಿಮ್ಮಲ್ಲಿ ಇಬ್ಬರು ದ್ರೋಹಿಗಳಿದ್ದಾರೆ, ಒಬ್ಬ ‘ತ’, ಮತ್ತೊಬ್ಬ ಎಂಜಿನಿಯರ್ ಅಜೆಫ್ ಎಂಬುದು ಅದರ ಸಾರ. ಬಳಿಕ ಅಲ್ಲಿಗೆ ಬಂದ ಅತಿಥಿಗೆ, ಅವನ ನಿಜನಾಮವನ್ನರಿಯದ ಮನೆಯಾತನು ಆ ಕಾಗದವನ್ನು ತೋರಿಸಲು, ‘ತ’ ಎಂದರೆ ತತಾರೊವ್, ಅಜೆಫ್ ಎಂದರೆ ನಾನೇ ಎಂದು ಹೇಳಿದ ಆ ಅತಿಥಿಯು ಸಂಗತಿಯನ್ನು ಮುಚ್ಚಿಡದೆ ಪಕ್ಷದ ಮುಂದೆ ತಾನೇ ಇಟ್ಟನು. ತತಾರೊವನೂ ಬೇಹುಗಾರನೇ ಹೌದು. ಅವನನ್ನು 1906ರಲ್ಲಿ, ವಾರ್ಸಾದಲ್ಲಿ, ತಂದೆತಾಯಿಗಳ ಮನೆಯಲ್ಲಿಯೇ ಕೊಂದರು. ಒಂದೇ ಕಾಗದದ ಒಂದು ಹೆಸರನ್ನು ನಂಬಿ, ಇನ್ನೊಂದನ್ನು ಪೊಲೀಸರ ಕುಹಕವೆಂದು ತಳ್ಳಿಹಾಕಿದರು. ರಹಸ್ಯವನ್ನೇ ಉಸಿರಾಗುಳ್ಳ ಸಂಸ್ಥೆಯಲ್ಲಿ ಆ ರಹಸ್ಯಗಳ ಒಡೆಯನೇ ಸಾಕ್ಷ್ಯವನ್ನು ತೂಗುವವನೂ ಆಗಿರಲು, ಅವನ ವಿರುದ್ಧ ಬಂದ ಮಾತೆಲ್ಲ ಶತ್ರುವಿನ ಹೂಟವಾಗಿಯೇ ಕಾಣುವುದು.

ಪ್ರಮಾಣ ದೊರೆತುದೂ ಶತ್ರುವಿನ ಮನೆಯಿಂದಲೇ. ಪೊಲೀಸು ಇಲಾಖೆಯ ಮಾಜಿ ನಿರ್ದೇಶಕ ಲೊಪುಖಿನನು ಕೊಲೋನಿನಿಂದ ಬರ್ಲಿನ್ನಿಗೆ ಹೋಗುತ್ತಿದ್ದ ರೈಲನ್ನೇ ಹತ್ತಿದ ಬುರ್ತ್ಸೆವ್, ತಾನು ಕಲೆಹಾಕಿದ ಕಥೆಯನ್ನು ದಾರಿಯುದ್ದಕ್ಕೂ ಹೇಳುತ್ತ ಹೋದನು. ಕಡೆಗೆ, ಎಂಜಿನಿಯರ್ ಅಜೆಫನನ್ನು ಹಲವು ಬಾರಿ ಕಂಡಿರುವೆನೆಂದು ಲೊಪುಖಿನನು ಒಪ್ಪಿಕೊಂಡನು. ಇದೆಲ್ಲ ಪಂಚಾಯತಿಯ ಮುಂದೆ ಬಂದ ಮೇಲೂ, 1909ರ ಜನವರಿಯಲ್ಲಿ ಅಜೆಫನ ಮನೆಗೆ ಹೋದ ಪಕ್ಷದ ನಾಯಕರು, ಉತ್ತರ ಕೊಡಲು ಮರುದಿನದವರೆಗೆ ಅವಕಾಶವಿತ್ತು ಬಂದರು! ಅವನು ಆ ರಾತ್ರಿಯೇ ಪರಾರಿಯಾದನು. ಸತ್ಯವನ್ನಾಡಿದ ಲೊಪುಖಿನನನ್ನು ಸರ್ಕಾರ ಸೈಬೀರಿಯಕ್ಕೆ ಅಟ್ಟಿತು. ಸುಳ್ಳು ಹೆಸರಿನಿಂದ ಬರ್ಲಿನ್ನಿನಲ್ಲಿ ನೆಲೆಸಿದ್ದ ಅಜೆಫ್ 1918ರಲ್ಲಿ ರೋಗದಿಂದ ಸತ್ತನು. ಅದಕ್ಕೆ ಮುನ್ನ, ಯುದ್ಧಕಾಲದಲ್ಲಿ, ಜರ್ಮನರು ಅವನನ್ನು ಅಪಾಯಕಾರಿ ಕ್ರಾಂತಿಕಾರಿಯೆಂದೇ ಬಗೆದು ಸೆರೆಯಲ್ಲಿಟ್ಟಿದ್ದರು.