ಕಡಿಮೆ ಮಕ್ಕಳಿರುವ ಶಾಲೆಯೂ ಶಾಲೆಯೇ

2023ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಕೊಡಗೇ ಮುಂದು. ಹೆಮ್ಮೆಯ ಮಾತು. ಆದರೆ ಅದು ಪರೀಕ್ಷೆಗೆ ಕೂತವರ ಲೆಕ್ಕ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟ ಮಗು ಯಾವ ಶೇಕಡಾವಾರಿನಲ್ಲೂ ಕಾಣಿಸುವುದಿಲ್ಲ. ಆ ಮಗುವಿನ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ದಾಖಲಾತಿ ಕುಸಿಯುತ್ತಿದೆ.

ಕಾರಣಗಳು ಗೊತ್ತಿರುವಂಥವೇ. ಮನೆಗೆ ಒಂದೋ ಎರಡೋ ಮಕ್ಕಳು. ಯುವಕರು ಬೆಂಗಳೂರು, ಮೈಸೂರು ಸೇರಿದ್ದಾರೆ. ಊರಲ್ಲಿ ಉಳಿದವರ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ತೋಟದ ಗೇಟಿನಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ಸರ್ಕಾರಿ ಶಾಲೆಯನ್ನೇ ನಂಬಿದವರು ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳು, ಬುಡಕಟ್ಟು ಹಾಡಿಗಳ ಯರವ, ಜೇನುಕುರುಬ ಮಕ್ಕಳು. ಕಾಫಿ ಕೊಯ್ಲು ಮುಗಿದು ಅಪ್ಪ ಅಮ್ಮ ಬೇರೆ ತೋಟಕ್ಕೆ ಹೊರಟರೆ, ಹಾಜರಿ ಪುಸ್ತಕದಲ್ಲಿ ಹೆಸರಷ್ಟೇ ಉಳಿಯುತ್ತದೆ.

ಇಂಥ ಶಾಲೆಯ ಕೋಣೆಯೊಳಗೆ ಒಂದರಿಂದ ಮೂರನೇ ತರಗತಿಯವರು ನಲಿಕಲಿ ಪದ್ಧತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಒಂದು ಮಗುವಿನ ಮನೆಮಾತು ಯರವ, ಪಕ್ಕದ ಮಗುವಿನದು ಅರೆಭಾಷೆ, ಇನ್ನೊಂದರದು ಮಲಯಾಳ ಅಥವಾ ತಮಿಳು. ಇವರಿಗೆಲ್ಲ ಕನ್ನಡದ ಅಕ್ಷರ ಕಲಿಸುವ ಟೀಚರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಇಲಾಖೆ ಕೇಳಿದ ಮಾಹಿತಿ ಕಳಿಸಬೇಕು, ಸಭೆಗೂ ಹೋಗಬೇಕು. 1995ರಲ್ಲಿ ನಲಿಕಲಿ ಹುಟ್ಟಿದ್ದು ನಮ್ಮ ನೆರೆಯ ಹೆಗ್ಗಡದೇವನಕೋಟೆಯಲ್ಲಿ, ಇಂಥದೇ ಕಾಡಂಚಿನ ಶಾಲೆಗಳ ಮಕ್ಕಳಿಗಾಗಿ. ಪದ್ಧತಿ ಒಳ್ಳೆಯದೇ, ಅದನ್ನು ನಡೆಸಲು ಶಿಕ್ಷಕರು ತರಗತಿಯಲ್ಲಿ ಇರಬೇಕು. ಅರುವತ್ತರವರೆಗೆ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಮಕ್ಕಳ ಸಂಖ್ಯೆ ಇಳಿದಾಗಲೆಲ್ಲ ವಿಲೀನದ ಮಾತು ಬರುತ್ತದೆ. 2018ರಿಂದ ಬಂದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಒಂದೇ ಆವರಣದಲ್ಲಿ ಪಿಯುಸಿವರೆಗೆ ಓದಬಹುದು, ಅದು ಬೇಕಾದ್ದೇ. ಆದರೆ ಕೊಡಗಿನಲ್ಲಿ ಮನೆಗಳು ತೋಟಗಳ ನಡುವೆ ಚದುರಿವೆ. ಕಾಗದದ ಮೇಲಿನ ಮೂರು ಕಿಲೋಮೀಟರು ಜುಲೈ ಮಳೆಯಲ್ಲಿ ಬೇರೆಯೇ ದಾರಿ. ಸಿದ್ದಾಪುರ, ಮಾಲ್ದಾರೆ ಕಡೆ ಆನೆಯ ಭಯವೂ ಸೇರುತ್ತದೆ. ವಾಹನ ಗೊತ್ತು ಮಾಡದೆ ಶಾಲೆಗೆ ಬೀಗ ಹಾಕಿದರೆ ಆ ಮಗುವಿನ ಓದಿಗೂ ಬೀಗ ಬೀಳುತ್ತದೆ.

ಕವಿ ಪಂಜೆ ಮಂಗೇಶರಾಯರು ಮುಖ್ಯೋಪಾಧ್ಯಾಯರಾಗಿದ್ದ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲು ಸರ್ಕಾರದ್ದೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಓದಿದ್ದೂ ಅಲ್ಲಿಯೇ. ಒಳ್ಳೆಯ ಮೇಷ್ಟ್ರು ಇದ್ದ ಕಡೆ ಸರ್ಕಾರಿ ಶಾಲೆ ಎಂದೂ ಎರಡನೆಯ ದರ್ಜೆಯದಾಗಿರಲಿಲ್ಲ.

ಇಲಾಖೆ ಜೂನ್‌ಗೆ ಮೊದಲೇ ಖಾಲಿ ಹುದ್ದೆ ತುಂಬಲಿ. ವಾಹನ ಬಂದ ಮೇಲಷ್ಟೇ ವಿಲೀನದ ಮಾತಾಡಲಿ. ತೋಟದ ಮಾಲೀಕರು ತಮ್ಮ ಲೈನ್ ಮನೆಗಳಿಗೆ ಬಂದ ಪ್ರತಿ ಮಗುವಿನ ಹೆಸರನ್ನು ಹತ್ತಿರದ ಶಾಲೆಗೆ ತಿಳಿಸಲಿ. ಓದುಗರೇ, ನೀವು ಅಕ್ಷರ ಕಲಿತ ಶಾಲೆ ಇನ್ನೂ ನಡೆಯುತ್ತಿದ್ದರೆ ಈ ವರ್ಷ ಒಮ್ಮೆ ಅಲ್ಲಿಗೆ ಹೋಗಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರನ್ನು ಕಂಡು, ಏನು ಬೇಕೆಂದು ಕೇಳಿ.

– ಸಂಪಾದಕ