ಹಳೆಯ ಬೈಕಿನ ಬ್ರೇಕ್ ಪರೀಕ್ಷಿಸುವವರು ಯಾರು?

ಹದಿನೈದು ವರ್ಷ ತುಂಬಿದ ವಾಹನಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ ವಯಸ್ಸು ಮತ್ತು ಹೊಗೆ ಎಂಬ ಎರಡು ಸಂಗತಿಗಳೇ ಮುಂದೆ ಬರುತ್ತವೆ. ದೆಹಲಿಯಲ್ಲಿ 2025ರ ಜುಲೈ 1ರಿಂದ ಅವಧಿ ಮೀರಿದ ವಾಹನಗಳಿಗೆ ಇಂಧನ ನಿರಾಕರಿಸಲು ಹೊರಟ ಸರ್ಕಾರ, ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿಯಬೇಕಾಯಿತು. ಆಗ ನಡೆದ ವಾದವಿವಾದದಲ್ಲಿಯೂ ಈ ವಾಹನಗಳ ಬ್ರೇಕ್ ಹಿಡಿಯುತ್ತದೆಯೇ ಎಂಬ ಪ್ರಶ್ನೆ ಹೆಚ್ಚು ಕೇಳಿಬರಲಿಲ್ಲ. ನಮ್ಮ ಮಧ್ಯಮ ಮತ್ತು ಕೆಳಮಧ್ಯಮ ವರ್ಗದ ಮನೆಗಳಲ್ಲಿ ಇಂದಿಗೂ ದುಡಿಯುತ್ತಿರುವ ನೂರು ಸಿಸಿಯ ಹಳೆಯ ಬೈಕುಗಳ ಮಟ್ಟಿಗಂತೂ ಇದು ಕೇಳಲೇಬೇಕಾದ ಪ್ರಶ್ನೆ.

ಕಾನೂನು ಏನು ಹೇಳುತ್ತದೆ ನೋಡೋಣ. ಮೋಟಾರು ವಾಹನ ಕಾಯ್ದೆ, 1988ರ 41ನೇ ಕಲಮಿನ ಪ್ರಕಾರ ಖಾಸಗಿ ಬೈಕಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಆನಂತರ ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಅದೇ ರಸ್ತೆಯಲ್ಲಿ ಓಡುವ ಆಟೊರಿಕ್ಷಾ, ಬಾಡಿಗೆ ವಾಹನವೆಂಬ ಕಾರಣಕ್ಕೆ, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಅಂದರೆ ಗಂಡ, ಹೆಂಡತಿ, ನಡುವೆ ಒಂದು ಮಗುವನ್ನು ಹೊತ್ತು ಸಾಗುವ ಬೈಕನ್ನು ಮೊದಲ ಹದಿನೈದು ವರ್ಷ ಯಾವ ಅಧಿಕಾರಿಯೂ ಮುಟ್ಟಿ ನೋಡಬೇಕಾಗಿಲ್ಲ. ಹೊಗೆ ತಪಾಸಣೆ ಇದೆಯಲ್ಲ ಎನ್ನಬಹುದು. ಅಲ್ಲಿ ಅಳತೆಯೂ ಇದೆ: 2000ದ ಮಾರ್ಚ್‌ವರೆಗೆ ತಯಾರಾದ ಬೈಕಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 4.5ನ್ನು ಮೀರುವಂತಿಲ್ಲ. ಯಂತ್ರ ಕೊಟ್ಟ ಅಂಕಿ ಮುದ್ರಿತವಾಗಿ ಮಾಲೀಕನ ಕೈಸೇರುತ್ತದೆ. ಬ್ರೇಕಿನ ವಿಷಯದಲ್ಲಿ ಇಂಥ ಅಂಕಿಯನ್ನು ನಾನು ಇದುವರೆಗೆ ಕಂಡಿಲ್ಲ.

ನನ್ನಲ್ಲಿರುವುದು 1998ರ ಬೈಕು. 2023ರಲ್ಲಿ ಅದರ ಮೂರನೆಯ ನವೀಕರಣಕ್ಕೆಂದು ನಗರದ ಒಂದು ಸಾರಿಗೆ ಕಚೇರಿಗೆ ಒಯ್ದಿದ್ದೆ. ಅದಕ್ಕೆ ವಾರ ಮೊದಲೇ ಬ್ರೇಕ್ ಶೂ, ಹ್ಯಾಂಡಲ್ಲಿನ ಕೋನ್‌ಸೆಟ್, ಹಿಂದಿನ ಟೈರು ಬದಲಿಸಿದ್ದೆ. ಇನ್ಸ್‌ಪೆಕ್ಟರು ಚಾಸಿ ನಂಬರನ್ನು ದಾಖಲೆಯೊಡನೆ ತಾಳೆ ನೋಡಿದರು, ಹಾರ್ನ್ ಮಾಡಿಸಿದರು, ಇಂಡಿಕೇಟರ್ ಹಾಕಿಸಿದರು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ನನ್ನ ಪಕ್ಕದಲ್ಲಿದ್ದ ಬೈಕಿನ ಹಿಂಬದಿ ಟೈರು ಬೋಳಾಗಿತ್ತು, ಬ್ರೇಕ್ ಪೆಡಲ್ ಒತ್ತಿದರೆ ತಳಕ್ಕೆ ಇಳಿಯುತ್ತಿತ್ತು. ಅದಕ್ಕೂ ನನ್ನ ಬೈಕಿಗೂ ಒಂದೇ ಷರಾ ಬಿತ್ತು. ಆ ಅಧಿಕಾರಿಯನ್ನು ದೂರಿ ಪ್ರಯೋಜನವಿಲ್ಲ. ಅವರ ಮುಂದೆ ಅಂದು ಸಾಲುಗಟ್ಟಿದ್ದ ವಾಹನಗಳಿಗೆ ತಲಾ ಹತ್ತು ನಿಮಿಷ ಕೊಟ್ಟಿದ್ದರೂ ರಾತ್ರಿಯಾಗುತ್ತಿತ್ತು. ಆದರೆ ಒಳ್ಳೆಯ ಬೈಕನ್ನೂ ಕೆಟ್ಟ ಬೈಕನ್ನೂ ಬೇರ್ಪಡಿಸಲಾಗದ ತಪಾಸಣೆಯನ್ನು ತಪಾಸಣೆ ಎಂದು ಹೇಗೆ ಕರೆಯುವುದು?

ಇದರ ಪರಿಣಾಮವನ್ನು ಸರಳ ಲೆಕ್ಕದಲ್ಲಿ ತೋರಿಸಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ಎರಡು ಬೈಕುಗಳನ್ನು ಊಹಿಸಿಕೊಳ್ಳಿ. ಬ್ರೇಕ್ ಚೆನ್ನಾಗಿರುವ ಬೈಕಿನ ವೇಗ ಪ್ರತಿ ಸೆಕೆಂಡಿಗೆ 6 ಮೀಟರ್‌ನಂತೆ ತಗ್ಗಿದರೆ, ಬ್ರೇಕ್ ಒತ್ತಿದ ಮೇಲೆ ಅದು ಸುಮಾರು 10 ಮೀಟರ್ ಸಾಗಿ ನಿಲ್ಲುತ್ತದೆ. ಶೂ ಸವೆದು, ಕೇಬಲ್ ಸಡಿಲವಾಗಿ, ಆ ಪ್ರಮಾಣ 4 ಮೀಟರ್‌ಗೆ ಇಳಿದರೆ ನಿಲ್ಲಲು 15 ಮೀಟರಿಗೂ ಹೆಚ್ಚು ಬೇಕು. ಮೊದಲನೆಯದು ನಿಂತ ಜಾಗವನ್ನು ಎರಡನೆಯದು ಗಂಟೆಗೆ ಸುಮಾರು 23 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಅಲ್ಲೊಬ್ಬ ಪಾದಚಾರಿ ಇದ್ದರೆ ಆತನ ಗತಿ ಏನಾದೀತು?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಶೇ 70ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ವೇಗವೇ ಮುಖ್ಯ ಶತ್ರು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಲ್ಲಬೇಕಾದಲ್ಲಿ ನಿಲ್ಲದ ಬೈಕಿನ ಅಪಘಾತವೂ ಕಾಗದದ ಮೇಲೆ ಅತಿವೇಗವೆಂದೇ ದಾಖಲಾಗುವುದು ಸುಲಭ.

ಹೊರದೇಶಗಳಿಂದ ಇಲ್ಲಿ ಸಿದ್ಧ ಮಾದರಿ ಸಿಗುವುದು ಕಷ್ಟ. ಜಪಾನಿನ ಕಡ್ಡಾಯ ತಪಾಸಣೆ 250 ಸಿಸಿವರೆಗಿನ ಬೈಕುಗಳಿಗೆ ಅನ್ವಯಿಸುವುದಿಲ್ಲ. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಮೋಟಾರ್‌ಸೈಕಲ್‌ಗಳನ್ನು ತಪಾಸಣೆಗೆ ಒಳಪಡಿಸಿತಾದರೂ 125 ಸಿಸಿವರೆಗಿನವನ್ನು ಹೊರಗಿಟ್ಟಿತು. ಅಲ್ಲಿ ಸಣ್ಣ ಬೈಕು ಒಂದು ಉಪವಾಹನ, ಇಲ್ಲಿ ಅದೇ ಸಂಸಾರದ ರಥ. ಬ್ರಿಟನ್ ಮಾತ್ರ ಸಣ್ಣ ಬೈಕುಗಳನ್ನೂ ಬಿಟ್ಟಿಲ್ಲ. ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ, ಕಂಡ ದೋಷಗಳ ಪಟ್ಟಿ, ಓಡಿದ ದೂರದ ದಾಖಲೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು ಅಲ್ಲಿನ ಇನ್ನೊಂದು ಪದ್ಧತಿ: ಪರೀಕ್ಷೆ ಮುಗಿಸಿದ ವಾಹನಗಳಲ್ಲಿ ಕೆಲವನ್ನು ಸರ್ಕಾರಿ ಸಂಸ್ಥೆ ತಾನೇ ಮತ್ತೊಮ್ಮೆ ಪರೀಕ್ಷಿಸಿ, ಪರೀಕ್ಷಕರು ಎಷ್ಟರಮಟ್ಟಿಗೆ ತಪ್ಪುತ್ತಾರೆ ಎಂದು ಅಳೆಯುತ್ತದೆ.

ನಮ್ಮಲ್ಲಿ ಈಗ ಭರವಸೆಯೆಲ್ಲ ಸ್ವಯಂಚಾಲಿತ ತಪಾಸಣಾ ಕೇಂದ್ರಗಳ ಮೇಲಿದೆ. 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಗಳು ಇವನ್ನು ನಡೆಸುವವರು ವಾಹನ ದುರಸ್ತಿ, ಮಾರಾಟ ಮಾಡಕೂಡದೆಂದು ಹೇಳುತ್ತವೆ. ಸರಿಯಾದ ನಿಲುವೇ. ಆದರೆ ಯಂತ್ರವೆಂದಾಕ್ಷಣ ಕಣ್ಣು ಮುಚ್ಚಿ ನಂಬಬೇಕಿಲ್ಲ. ರೋಲರಿನ ಮೇಲೆ ನಿಂತ ಬೈಕಿನ ಬ್ರೇಕ್ ಒತ್ತುವುದು ಮನುಷ್ಯನ ಕೈಯೇ. ಬೈಕು ಹಗುರವಾದಷ್ಟೂ ಮೇಲೆ ಕುಳಿತವನ ತೂಕ, ಹಿಡಿತಗಳು ಫಲಿತಾಂಶವನ್ನು ಬದಲಿಸುತ್ತವೆ. ಸಡಿಲಗೊಂಡ ಕೋನ್‌ಸೆಟ್ಟನ್ನಾಗಲಿ ಸ್ವಿಂಗ್ ಆರ್ಮಿನ ಸವೆದ ಬುಶ್ಶನ್ನಾಗಲಿ ಬ್ರೇಕ್ ರೋಲರು ಕಾಣಲಾರದು; ಚಕ್ರವನ್ನು ಎತ್ತಿ ಅಲ್ಲಾಡಿಸಿ ನೋಡಿದರೆ ಬೀದಿಬದಿಯ ಗ್ಯಾರೇಜಿನ ಹುಡುಗನೂ ಕ್ಷಣಾರ್ಧದಲ್ಲಿ ಹೇಳುತ್ತಾನೆ. ತಪ್ಪು ಎರಡೂ ಕಡೆಗೆ ಆಗಬಹುದು. ಮರುಪರೀಕ್ಷೆಯಲ್ಲಿಯೂ ನಪಾಸಾದ ವಾಹನ ಈ ನಿಯಮಗಳಡಿ ಗುಜರಿಗೆ ಹೋಗಬೇಕಾದೀತು. ಅದು ಪೇಪರ್ ಹಾಕುವವನ ಬೈಕಾಗಿದ್ದರೆ, ತಪ್ಪು ಅಳತೆಯೊಂದು ಅವನ ಸಂಪಾದನೆಯನ್ನೇ ಕಸಿದಂತೆ.

ಆದ್ದರಿಂದ ಎಷ್ಟು ಬ್ರೇಕ್ ಬಲ ದೊರೆಯಿತು, ಎಷ್ಟು ಇರಬೇಕಿತ್ತು, ಯಾವ ಭಾಗ ಏಕೆ ತಿರಸ್ಕೃತವಾಯಿತು ಎಂಬುದು ಬರಹದಲ್ಲಿ ಮಾಲೀಕನಿಗೆ ಸಿಗಬೇಕು. ಪಾಸಾದವುಗಳಲ್ಲಿ ಕೆಲವನ್ನು ಬೇರೆ ಅಧಿಕಾರಿ ಮತ್ತೆ ನೋಡಬೇಕು. ಹದಿನೈದು ವರ್ಷ ಕಾಯುವ ಬದಲು ಎಂಟು ಅಥವಾ ಹತ್ತನೆಯ ವರ್ಷಕ್ಕೇ ಒಂದು ಸಣ್ಣ ಪರೀಕ್ಷೆ ಇದ್ದರೆ ಇನ್ನೂ ಒಳ್ಳೆಯದು. ಹಣದ ಕೊರತೆಯ ಮಾತು ಇಲ್ಲಿ ನಿಲ್ಲದು. ಹಳೆಯ ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ ಸಾವಿರಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದು ಎರಡು ಸಾವಿರವಾಯಿತು. ತಾಲ್ಲೂಕು ಕೇಂದ್ರಗಳಿಗೆ ದೊಡ್ಡ ಯಂತ್ರಗಳು ಬರುವುದು ತಡವಾಗಬಹುದು. ಅಲ್ಲಿಯವರೆಗೆ ಬೈಕನ್ನು ಐವತ್ತು ಮೀಟರ್ ಓಡಿಸಿ, ಬ್ರೇಕ್ ಹಾಕಿ, ವೇಗ ತಗ್ಗಿದ ಪ್ರಮಾಣವನ್ನು ಅಳೆಯುವ ಕೈಗಾತ್ರದ ಉಪಕರಣವೊಂದನ್ನು ಇನ್ಸ್‌ಪೆಕ್ಟರಿಗೆ ಕೊಡಬಹುದು. ಬ್ರಿಟನ್ನಿನಲ್ಲಿ ಮೋಟಾರ್‌ಸೈಕಲ್ ಪರೀಕ್ಷೆಗೆ ಅಂಥ ಉಪಕರಣಕ್ಕೂ ಮಾನ್ಯತೆಯಿದೆ.