ಕಕ್ಕಸು ತೊಳೆಯುತ್ತಿದ್ದವರ ಬ್ಯಾಂಡು

ಹೋದ ತಿಂಗಳು ಊರಿಗೆ ದುಡ್ಡು ಕಳಿಸುವಾಗ ಕಮಿಷನ್ನಿಗೆ ಎಷ್ಟು ಹೋಗುತ್ತೆ ಅಂತ ಬರೆದಿದ್ದೆ. ದುಬೈ, ಮಸ್ಕತ್ತಿನಿಂದ ಒಂದಿಬ್ಬರು, ‘ಲೆಕ್ಕಾಚಾರ ಸಾಕು ಮಾರಾಯ್ರೆ, ಈ ಸಲ ಏನಾದರೂ ಕತೆ ಹೇಳಿ’ ಅಂದರು. ಆಯ್ತು, ಒಂದು ಬ್ಯಾಂಡಿನ ಕತೆ ಹೇಳುತ್ತೇನೆ. ಮದುವೆ ಮನೆಯ ಬ್ಯಾಂಡ್‌ಸೆಟ್ ಅಲ್ಲ, ಇಂಗ್ಲೆಂಡಿನ ಪಂಕ್ ರಾಕ್ ಬ್ಯಾಂಡು.

ನನಗೂ ಇದೆಲ್ಲ ಗೊತ್ತಿರಲಿಲ್ಲ. ಸ್ಯಾನ್ ಡಿಯೇಗೊದಲ್ಲಿ ರಾತ್ರಿ ಪಾಳಿಯಲ್ಲಿ ಒಂದು ದೊಡ್ಡ ಸಭಾಂಗಣ ಗುಡಿಸುವ ಕೆಲಸ ನನ್ನದು ಅಂತ ಹಳೇ ಓದುಗರಿಗೆ ಗೊತ್ತು. ಕಾರ್ಯಕ್ರಮ ಮುಗಿದು ಜನ ಹೋದ ಮೇಲೆ ನಾವು ಒಳಗೆ ಹೋಗುವುದು. ಯಾರು ಹಾಡಿದರು, ಯಾರು ಭಾಷಣ ಹೊಡೆದರು ಅನ್ನೋದು ನಮಗೆ ಕುರ್ಚಿ ಕೆಳಗಿನ ಕಾಗದ ನೋಡಿದರೆ ಮಾತ್ರ ತಿಳಿಯುತ್ತೆ. ನನ್ನ ಜೊತೆಯವನು ಒಬ್ಬ ಮೆಕ್ಸಿಕನ್, ಅರವತ್ತು ದಾಟಿದವನು, ಚುಲಾ ವಿಸ್ಟಾದಲ್ಲೇ ಹುಟ್ಟಿ ಬೆಳೆದವನು. ಒಂದು ರಾತ್ರಿ ಗಂಡಸರ ಟಾಯ್ಲೆಟ್ ತೊಳೆಯುವ ಸರದಿ ನನ್ನದಾದಾಗ ನಾನು ಮುಖ ಗಂಟು ಹಾಕಿಕೊಂಡೆ. ಅವನು ಫೋನಿನಲ್ಲಿ ಒಂದು ಹಾಡು ಹಾಕಿ, ‘ಇದನ್ನು ಬಾರಿಸಿದವರೂ ಇದೇ ಕೆಲಸ ಮಾಡ್ತಿದ್ದರು, ಕೇಳು’ ಅಂದ. ತಗಡಿನ ಶೀಟು ಮೇಲಿಂದ ಬಿದ್ದ ಹಾಗಿತ್ತು ಸದ್ದು. ಅದು ಹಾಡು ಅಂತ ಗೊತ್ತಾಗುವಷ್ಟರಲ್ಲಿ ಮುಗಿದೇ ಹೋಗಿತ್ತು.

ಬ್ಯಾಂಡಿನ ಹೆಸರು ‘ದ ಡ್ಯಾಮ್ಡ್’, ಅಂದರೆ ಶಾಪಗ್ರಸ್ತರು. ಲಂಡನ್ನಿನ ದಕ್ಷಿಣಕ್ಕೆ ಕ್ರೋಯ್ಡನ್ ಅಂತ ಒಂದು ಊರಿದೆ. ಅಲ್ಲಿ ಫೇರ್‌ಫೀಲ್ಡ್ ಹಾಲ್ಸ್ ಎಂಬ ದೊಡ್ಡ ಸಂಗೀತ ಸಭಾಂಗಣ. 1962ರಲ್ಲಿ ಶುರುವಾದದ್ದು, ಮರುವರ್ಷ ಬೀಟಲ್ಸ್ ಕೂಡ ಅಲ್ಲಿ ಹಾಡಿದ್ದರು. ಎಪ್ಪತ್ತರ ದಶಕದಲ್ಲಿ ಅಲ್ಲಿ ಕಕ್ಕಸು ತೊಳೆಯುವ, ಸಾಮಾನು ಹೊರುವ ಕೆಲಸಕ್ಕಿದ್ದವರು ಇಬ್ಬರು ಹುಡುಗರು, ರೇ ಬರ್ನ್ಸ್ ಮತ್ತು ಕ್ರಿಸ್ ಮಿಲ್ಲರ್. ಮುಂದೆ ರೇ ಬರ್ನ್ಸ್ ‘ಕ್ಯಾಪ್ಟನ್ ಸೆನ್ಸಿಬಲ್’ ಆದ, ಕೆಂಪು ಟೋಪಿ ಹಾಕಿಕೊಂಡು ಬೇಸ್ ಗಿಟಾರ್ ಹಿಡಿದ. ಮಿಲ್ಲರ್ ಡ್ರಮ್ಸ್ ಬಾರಿಸುವವನು, ಅವನ ಹೆಸರು ‘ರ್‍ಯಾಟ್ ಸ್ಕೇಬೀಸ್’. ಕನ್ನಡದಲ್ಲಿ ಹೇಳಬೇಕೆಂದರೆ ಇಲಿ ಕಜ್ಜಿ! ಆಗ ಅವನಿಗೆ ನಿಜವಾಗಲೂ ಕಜ್ಜಿ ಆಗಿತ್ತಂತೆ. ಯಾರೋ ಆಡಿಕೊಂಡದ್ದನ್ನೇ ಹೆಸರು ಮಾಡಿಕೊಂಡುಬಿಟ್ಟ. ಹಾಡುಗಾರ ಡೇವ್ ವೇನಿಯನ್ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದವನು. ಸ್ಟೇಜಿಗೂ ಕರೀ ಬಟ್ಟೆ, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಹೆಣ ಎದ್ದು ಬಂದ ಹಾಗೆ ಬರುತ್ತಿದ್ದ. ನಾಲ್ಕನೆಯವನು ಗಿಟಾರಿನ ಬ್ರಯನ್ ಜೇಮ್ಸ್. ಮೊದಲ ಆಲ್ಬಮ್ಮಿನ ಹಾಡುಗಳಲ್ಲಿ ಹೆಚ್ಚಿನವು ಅವನವೇ.

ಪಂಕ್ ಅಂದರೆ ಏನು ಅಂತ ಕೇಳಿದರೆ ನನ್ನ ಲೆಕ್ಕದಲ್ಲಿ ಇಷ್ಟು: ಹತ್ತು ವರ್ಷ ಗುರುಗಳ ಹತ್ತಿರ ಪಾಠ ಆಗಬೇಕಾಗಿಲ್ಲ, ಮೂರು ಸ್ವರಗುಚ್ಛ ಬಂದರೆ ಸಾಕು, ಜೋರಾಗಿ ಬಾರಿಸು, ಬೇಗ ಮುಗಿಸು. ನಮ್ಮೂರಿನ ಗಣಪತಿ ಉತ್ಸವದ ಆರ್ಕೆಸ್ಟ್ರಾದವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಆಗ ಇಂಗ್ಲೆಂಡಿನಲ್ಲಿ ಹುಡುಗರಿಗೆ ಕೆಲಸ ಸಿಗುವುದೇ ಕಷ್ಟವಾಗಿತ್ತು. ಗುರುದಕ್ಷಿಣೆಗೆ ದುಡ್ಡೆಲ್ಲಿಂದ ಬರಬೇಕು?

ಪಂಕ್ ಅಂದ ಕೂಡಲೇ ಜಗತ್ತು ‘ಸೆಕ್ಸ್ ಪಿಸ್ಟಲ್ಸ್’ ಹೆಸರು ಹೇಳುತ್ತೆ. ಡ್ಯಾಮ್ಡ್ ಮೊದಲ ಕಾರ್ಯಕ್ರಮ ಕೊಟ್ಟಿದ್ದೂ 1976ರ ಜುಲೈ 6ರಂದು, ಲಂಡನ್ನಿನ 100 ಕ್ಲಬ್ಬಿನಲ್ಲಿ, ಆ ಪಿಸ್ಟಲ್ಸ್‌ಗಿಂತ ಮುಂಚೆ ಬಾರಿಸಿ ಹೋಗುವವರಾಗಿಯೇ. ಆದರೆ ಬ್ರಿಟನ್ನಿನ ಮೊದಲ ಪಂಕ್ ರೆಕಾರ್ಡು ಬಂದದ್ದು ಡ್ಯಾಮ್ಡ್ ಹುಡುಗರದು. ‘ನ್ಯೂ ರೋಸ್’, ಸ್ಟಿಫ್ ಕಂಪನಿ, 1976ರ ಅಕ್ಟೋಬರ್ 22. ಪಿಸ್ಟಲ್ಸ್‌ಗಿಂತ ಐದು ವಾರ ಮೊದಲು. ರೆಕಾರ್ಡಿನ ಹಿಂಬದಿಯಲ್ಲಿ ಬೀಟಲ್ಸ್ ಅವರ ‘ಹೆಲ್ಪ್’ ಹಾಡನ್ನೇ ಎರಡು ನಿಮಿಷದೊಳಗೆ ಓಡಿಸಿ ಮುಗಿಸಿದ್ದಾರೆ. ಬೀಟಲ್ಸ್ ಹಾಡಿ ಹೋದ ಹಾಲಿನಲ್ಲಿ ಕಕ್ಕಸು ತೊಳೆದವರಲ್ಲವೇ! ಇಡೀ ಆಲ್ಬಮ್ಮೂ ಅವರದೇ ಮೊದಲು, 1977ರ ಫೆಬ್ರವರಿ. ಏಪ್ರಿಲಿನಲ್ಲಿ ವಿಮಾನ ಹತ್ತಿ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಲ್ಲಿ ಬಾರಿಸಿದರು. ಅಮೆರಿಕಕ್ಕೆ ಬಂದ ಮೊದಲ ಬ್ರಿಟಿಷ್ ಪಂಕ್ ಬ್ಯಾಂಡೂ ಇವರೇ.

ಅಲ್ಲಿಂದ ಲಾಸ್ ಏಂಜಲೀಸಿಗೆ ಬಂದು ಸ್ಟಾರ್‌ವುಡ್ ಎಂಬ ಕ್ಲಬ್ಬಿನಲ್ಲಿ ಬಾರಿಸಿದರು. ನಮ್ಮ ಸ್ಯಾನ್ ಡಿಯೇಗೊದ ಕತೆ ಸೇರಿಕೊಳ್ಳುವುದು ಇಲ್ಲಿ. ಅದೇ ತಿಂಗಳು, ಏಪ್ರಿಲ್ 16ರಂದು, ಅದೇ ಊರಿನ ಆರ್ಫಿಯಮ್ ಎಂಬ ಸಣ್ಣ ಥಿಯೇಟರಿನಲ್ಲಿ ಸ್ಥಳೀಯ ಹುಡುಗರ ಮೂರು ಬ್ಯಾಂಡುಗಳು ಒಟ್ಟಿಗೆ ಬಾರಿಸಿದವು: ವೀರ್ಡೋಸ್, ಜರ್ಮ್ಸ್, ಮತ್ತು ಝೀರೋಸ್. ಈ ಝೀರೋಸ್, ಅಂದರೆ ಸೊನ್ನೆಗಳು, ನಮ್ಮ ಪಕ್ಕದ ಚುಲಾ ವಿಸ್ಟಾದ ಶಾಲಾ ಹುಡುಗರು. ಹವಿಯೆರ್ ಎಸ್ಕೊವೇಡೊ, ರಾಬರ್ಟ್ ಲೋಪೆಜ್, ಹೆಕ್ಟರ್ ಪೆನ್ಯಾಲೋಸಾ, ಬಾಬಾ ಶೆನೆಲ್. ಸ್ಯಾನ್ ಡಿಯೇಗೊ ಪೇಟೆಗೂ ಮೆಕ್ಸಿಕೋ ಗಡಿಗೂ ನಡುವೆ ಇರುವ ಊರು ಅದು. ಎಸ್ಕೊವೇಡೊನ ತಂದೆ ಮೆಕ್ಸಿಕೋದಿಂದ ವಲಸೆ ಬಂದವರು. ಜನ ಈ ಹುಡುಗರನ್ನು ‘ಮೆಕ್ಸಿಕನ್ ರಮೋನ್ಸ್’ ಅಂತ ಕರೆದರು, ನ್ಯೂಯಾರ್ಕಿನ ರಮೋನ್ಸ್ ಬ್ಯಾಂಡಿಗೆ ಹೋಲಿಸಿ. ಹೊಗಳಿಕೆಯೋ ಚುಚ್ಚುವುದೋ ಹೇಳುವುದು ಕಷ್ಟ. ನಮ್ಮವರು ಏನು ಸಾಧಿಸಿದರೂ ಹೆಸರಿನ ಹಿಂದೆ ‘ಇಂಡಿಯನ್’ ಅಂತ ಒಂದು ಚೀಟಿ ಅಂಟಿಸುತ್ತಾರಲ್ಲ, ಹಾಗೆ. ಅದೇ ವರ್ಷ ಬಾಂಪ್ ಕಂಪನಿ ಅವರ ಮೊದಲ ರೆಕಾರ್ಡು ತಂದಿತು.

ಅಪ್ಪ ಅಮ್ಮ ದುಡಿಯಲಿಕ್ಕೆ ಬಂದ ದೇಶದಲ್ಲಿ ಮಕ್ಕಳು ಗಿಟಾರ್ ಹಿಡಿದು ನೂರಿಪ್ಪತ್ತು ಮೈಲಿ ಹೋಗಿ ಲಾಸ್ ಏಂಜಲೀಸಿನಲ್ಲಿ ಗದ್ದಲ ಎಬ್ಬಿಸುವುದು ಮನೆಯಲ್ಲಿ ಯಾರಿಗೆ ಇಷ್ಟವಾದೀತು? ನನ್ನ ಮಗಳೇ ಹೀಗೆ ಕೇಳಿದ್ದರೆ ನಾನು ಬೈಯುತ್ತಿದ್ದೆ. ಸುಳ್ಳು ಯಾಕೆ, ಕೇಳಿದ್ದಾಳೆ, ಬೈದಿದ್ದೇನೆ. ಡ್ರಮ್ಸ್ ಬೇಕಂತೆ. ‘ನಾವು ಬಂದದ್ದು ಇದಕ್ಕಾ?’ ಅಂದೆ. ಅವಳು ಎರಡು ದಿನ ಮಾತಾಡಲಿಲ್ಲ. ಜೊತೆಯವನಿಗೆ ಹೇಳಿದರೆ, ‘ನನ್ನ ಅಪ್ಪನೂ ಇದನ್ನೇ ಕೇಳಿದ್ದ, ಅಕ್ಷರ ಬದಲಿಲ್ಲದೆ, ಸ್ಪ್ಯಾನಿಷಿನಲ್ಲಿ’ ಅಂತ ನಕ್ಕ.

ಡ್ಯಾಮ್ಡ್ ಹುಡುಗರು ಆಮೇಲೆ ಉದ್ಧಾರವಾದರಾ ಅಂತ ಕೇಳುತ್ತೀರಿ, ಗೊತ್ತು. ಪೂರ್ತಿ ಇಲ್ಲ. ಎರಡನೇ ಆಲ್ಬಮ್ ನೆಲ ಕಚ್ಚಿತು, ಕಂಪನಿ ಕೈಬಿಟ್ಟಿತು, 1978ರಲ್ಲಿ ಬ್ಯಾಂಡೇ ಒಡೆಯಿತು. ಮರುವರ್ಷ ಬ್ರಯನ್ ಜೇಮ್ಸ್ ಇಲ್ಲದೆ ಮತ್ತೆ ಸೇರಿದರು. 1982ರಲ್ಲಿ ಕ್ಯಾಪ್ಟನ್ ಸೆನ್ಸಿಬಲ್ ಒಬ್ಬನೇ ಹಾಡಿದ ‘ಹ್ಯಾಪಿ ಟಾಕ್’ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯಿತು, 1986ರಲ್ಲಿ ಬ್ಯಾಂಡಿನ ‘ಎಲೋಯ್ಸ್’ ಮೂರನೇ ಸ್ಥಾನಕ್ಕೆ ಬಂತು. ನಡುವೆ ಜಗಳ, ಬಿಟ್ಟು ಹೋಗುವುದು, ವರ್ಷಗಟ್ಟಲೆ ಮಾತು ಬಿಡುವುದು, ಅಣ್ಣತಮ್ಮಂದಿರ ಆಸ್ತಿ ಪಾಲಿನ ಹಾಗೆ. ಇಲ್ಲಿ ಝೀರೋಸ್ ಕೂಡ ಬಹಳ ಕಾಲ ಬಾಳಲಿಲ್ಲ. ರಾಬರ್ಟ್ ಲೋಪೆಜ್ ಮಾತ್ರ ‘ಎಲ್ ವೆಜ್’ ಎಂಬ ಹೆಸರಿನಲ್ಲಿ ಮೆಕ್ಸಿಕನ್ ಎಲ್ವಿಸ್ ಆಗಿ ಊರೂರು ತಿರುಗಿ ಹೆಸರು ಮಾಡಿದ. ಈ ಸಲ ಆ ‘ಮೆಕ್ಸಿಕನ್’ ಚೀಟಿಯನ್ನು ತಾನೇ ಅಂಟಿಸಿಕೊಂಡ.

2022ರಲ್ಲಿ ಡ್ಯಾಮ್ಡ್‌ನ ಮೊದಲ ನಾಲ್ವರೂ ಇಂಗ್ಲೆಂಡಿನಲ್ಲಿ ಮತ್ತೆ ಒಂದೇ ಸ್ಟೇಜಿನ ಮೇಲೆ ನಿಂತರು. 2025ರ ಮಾರ್ಚಿನಲ್ಲಿ ಬ್ರಯನ್ ಜೇಮ್ಸ್ ತೀರಿಕೊಂಡ. ಆ ವಾರ ನಮ್ಮ ಪಾಳಿಯಲ್ಲಿ ಜೊತೆಯವನು ಖಾಲಿ ಹಾಲಿನ ನಡುವೆ ನೆಲ ಒರೆಸುವ ಮಿಷನ್ ನಿಲ್ಲಿಸಿ, ಫೋನನ್ನು ಒಂದು ಪ್ಲಾಸ್ಟಿಕ್ ಬಕೆಟ್ಟಿನೊಳಗಿಟ್ಟು ‘ನ್ಯೂ ರೋಸ್’ ಹಾಕಿದ. ಬಕೆಟ್ಟಿನಲ್ಲಿಟ್ಟರೆ ಸದ್ದು ಜೋರು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂತ ನಾನೇ ಹೇಳಿದೆ.

ಹಳೇ ಡ್ರಮ್ಸ್ ಒಂದು ಜೊತೆ ಅವನ ತಮ್ಮನ ಮನೆಯ ಗರಾಜಿನಲ್ಲಿ ಬಿದ್ದಿದೆಯಂತೆ. ಭಾನುವಾರ ನೋಡಿಕೊಂಡು ಬರುತ್ತೇನೆ. ಮಗಳಿಗೆ ಇನ್ನೂ ಹೇಳಿಲ್ಲ.